ಸರಾಸರಿಯ ಸ್ತಂಭ ಮರೆಮಾಡುವ ಹರವು

ಎರಡು ಗುಂಪುಗಳ ಸರಾಸರಿಯನ್ನು ಎರಡು ಸ್ತಂಭಗಳಾಗಿ ನಿಲ್ಲಿಸಿ, ಅನಿಶ್ಚಿತತೆ ಅಥವಾ ಹರವನ್ನು ಸೂಚಿಸುವ ಗೆರೆಯೊಂದನ್ನು, ಅಂದರೆ ದೋಷರೇಖೆಯನ್ನು, ಮೇಲೆ ಎಳೆದು ಫಲಿತಾಂಶ ಮುಗಿಸುವ ರೂಢಿ ಸಂಶೋಧನಾ ಪ್ರಬಂಧಗಳಲ್ಲಿ ಇಂದಿಗೂ ಬಲವಾಗಿದೆ. ಆದರೆ ಸ್ತಂಭನಕ್ಷೆ ಹುಟ್ಟಿದ್ದು ಈ ಕೆಲಸಕ್ಕಲ್ಲ. 1786ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ತಮ್ಮ ಗ್ರಂಥದಲ್ಲಿ ಇಂಗ್ಲೆಂಡಿನ ಆಮದು–ರಫ್ತನ್ನು ವರ್ಷಾನುವರ್ಷದ ರೇಖೆಗಳಲ್ಲಿ ತೋರಿಸಿದರು. ಸ್ಕಾಟ್ಲೆಂಡಿಗೆ ಒಂದೇ ವರ್ಷದ ಲೆಕ್ಕ ಸಿಕ್ಕಿದ್ದರಿಂದ, 17 ದೇಶ–ಪ್ರದೇಶಗಳೊಂದಿಗಿನ ಅದರ ವ್ಯಾಪಾರವನ್ನು ಉದ್ದನೆಯ ಅಡ್ಡಪಟ್ಟಿಗಳಾಗಿ ಬಿಡಿಸಬೇಕಾಯಿತು. ಸ್ತಂಭನಕ್ಷೆ ಹುಟ್ಟಿದ್ದು ಹೀಗೆ. ಕಾಲದ ಗತಿಯನ್ನು ತೋರಿಸದ ಈ ಚಿತ್ರ ಉಳಿದವುಗಳಷ್ಟು ಉಪಯುಕ್ತವಲ್ಲವೆಂದು ಅವರೇ ಬರೆದರು. ಅಲ್ಲಿ ಪ್ರತಿ ಪಟ್ಟಿಯೂ ಒಂದು ಮೊತ್ತವಾಗಿತ್ತು, ಮೊತ್ತಕ್ಕೆ ಅಷ್ಟು ಸಾಕು.

ಅಳತೆಗಳ ಹರವಿನ ಪ್ರಶ್ನೆಯೇ ಬೇರೆ. ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕೆಟ್ಲೆ 1846ರಲ್ಲಿ 5,738 ಸ್ಕಾಟಿಷ್ ಸೈನಿಕರ ಎದೆಯ ಸುತ್ತಳತೆಯನ್ನು ಇಂಚುವಾರು ವಿಂಗಡಿಸಿ, ಅಳತೆಗಳು ನಡುವೆ ದಟ್ಟವಾಗಿ, ಎರಡೂ ಬದಿಗೆ ವಿರಳವಾಗುವುದನ್ನು ಎತ್ತಿ ತೋರಿದರು. 1890ರ ದಶಕದಲ್ಲಿ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಇಂಥ ವಿತರಣೆಯ ಚಿತ್ರಕ್ಕೆ ಹಿಸ್ಟೋಗ್ರಾಂ ಎಂಬ ಹೆಸರು ಕೊಟ್ಟರು. ಅದರಲ್ಲಿ ವರ್ಗಾಂತರಗಳು (ಅಳತೆಗಳನ್ನು ವಿಂಗಡಿಸಿದ ವ್ಯಾಪ್ತಿಗಳು) ನಿರಂತರವಾದ್ದರಿಂದ ಆಯತಗಳ ನಡುವೆ ಅಂತರವಿರುವುದಿಲ್ಲ. ಆವೃತ್ತಿಯನ್ನು, ಅಂದರೆ ಆ ವರ್ಗದಲ್ಲಿ ಎಷ್ಟು ಅಳತೆಗಳಿವೆ ಎಂಬುದನ್ನು, ಹೇಳುವುದು ಆಯತದ ವಿಸ್ತೀರ್ಣ.

ಇಷ್ಟಾದರೂ, ನಿಖರತೆ ಇರುವುದು ಲೆಕ್ಕದಲ್ಲೇ, ಚಿತ್ರ ಬರೀ ಅಲಂಕಾರ ಎಂಬ ಭಾವನೆ ಉಳಿದುಬಂದಿತು. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ ಅದಕ್ಕೆ ಕೊಟ್ಟ ಉತ್ತರ ಇಂದಿಗೂ ಸಾಟಿಯಿಲ್ಲದ್ದು. ಅವರು ತಲಾ 11 ಜೋಡಿ (ಎಕ್ಸ್, ವೈ) ಸಂಖ್ಯೆಗಳ ನಾಲ್ಕು ದತ್ತಾಂಶ ಗುಚ್ಛಗಳನ್ನು ರಚಿಸಿದರು. ನಾಲ್ಕರಲ್ಲೂ ಎಕ್ಸ್‌ನ ಸರಾಸರಿ 9, ವೈ‌ನದು ಸುಮಾರು 7.5, ಸಹಸಂಬಂಧ (ಎರಡೂ ಜೊತೆಯಾಗಿ ಬದಲಾಗುವ ಪ್ರಮಾಣ) ಸುಮಾರು 0.816. ನಕ್ಷೆಯಲ್ಲಿ ಗುರುತಿಸಿದಾಗ ಮಾತ್ರ ಮೊದಲನೆಯದು ರೇಖೆಯೊಂದರ ಸುತ್ತ ಚದುರಿದ ಚುಕ್ಕಿಗಳು, ಎರಡನೆಯದು ಸ್ಪಷ್ಟ ವಕ್ರರೇಖೆ, ಮೂರನೆಯದು ಒಂದೇ ಚುಕ್ಕಿ ದಾರಿತಪ್ಪಿದ ನೇರರೇಖೆ. ನಾಲ್ಕನೆಯದರಲ್ಲಿ ಹತ್ತು ಚುಕ್ಕಿಗಳು ಲಂಬವಾಗಿ ಒಂದರ ಮೇಲೊಂದು ನಿಂತಿದ್ದು, ದೂರದ ಒಂಟಿ ಚುಕ್ಕಿಯೊಂದೇ ಇಡೀ ಸಂಬಂಧವನ್ನು ಸೃಷ್ಟಿಸಿತ್ತು. ನಾಲ್ಕು ವರ್ಷಗಳ ಬಳಿಕ ಸಂಖ್ಯಾಶಾಸ್ತ್ರಜ್ಞ ಜಾನ್ ಟ್ಯೂಕಿ ಅವರ ಪುಸ್ತಕವು ಮಧ್ಯಾಂಕ (ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ), ಚತುರ್ಥಕಗಳು (ದತ್ತಾಂಶವನ್ನು ನಾಲ್ಕು ಸಮಪಾಲಾಗಿ ಒಡೆಯುವ ಬೆಲೆಗಳು) ಮತ್ತು ಉಳಿದವುಗಳಿಂದ ಬಹುದೂರ ನಿಂತ ಬೆಲೆಗಳನ್ನು ಒಟ್ಟಿಗೆ ಕಾಣಿಸುವ ಬಾಕ್ಸ್ ಪ್ಲಾಟ್ ಅನ್ನು ಬಳಕೆಗೆ ತಂದಿತು.

ಸಾಧನಗಳು ಬಂದವು, ರೂಢಿ ಹೋಗಲಿಲ್ಲ. 2015ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ಶರೀರಶಾಸ್ತ್ರದ ಪ್ರಮುಖ ನಿಯತಕಾಲಿಕಗಳ 703 ಪ್ರಬಂಧಗಳನ್ನು ಪರಿಶೀಲಿಸಿದಾಗ, ಶೇ. 85ಕ್ಕೂ ಹೆಚ್ಚಿನವುಗಳಲ್ಲಿ ಸ್ತಂಭನಕ್ಷೆಯಿತ್ತು. ಇದರ ತೊಂದರೆಗೆ ಒಂದು ಉದಾಹರಣೆ: ಹತ್ತು ಮಂದಿಯಲ್ಲಿ ಐವರಿಗೆ 20, ಐವರಿಗೆ 80 ಅಂಕ ಬಂದರೆ ಸ್ತಂಭ 50ಕ್ಕೆ ನಿಲ್ಲುತ್ತದೆ. ಆ 50 ಯಾರದೂ ಅಲ್ಲ. ಸರಾಸರಿಯ ಅಂದಾಜು ಎಷ್ಟು ಖಚಿತವೆಂದಷ್ಟೇ ಹೇಳುವ, ಮಾದರಿ ದೊಡ್ಡದಾದಂತೆ ಕುಗ್ಗುವ ಮಾನಕ ದೋಷವನ್ನು ಹರವಿನ ಅಳತೆಯೆಂದು ತಿಳಿದರಂತೂ ಓದುಗರಿಗೆ ಇನ್ನಷ್ಟು ಅನ್ಯಾಯ. ಮಾದರಿ ಸಣ್ಣದಿದ್ದಾಗ ಪ್ರತಿ ಅಳತೆಯನ್ನೂ ಚುಕ್ಕಿಯಾಗಿ ತೋರಿಸಿ ಎಂದು ಹಲವು ನಿಯತಕಾಲಿಕಗಳು ಈಗ ಲೇಖಕರಿಗೆ ಸೂಚಿಸುತ್ತಿವೆ. ಹತ್ತಾರು ಅಳತೆಗಳಷ್ಟೇ ಇರುವಲ್ಲಿ ಇದನ್ನು ಕಡ್ಡಾಯ ಮಾಡಬೇಕೆಂಬುದೇ ನನ್ನ ಅಭಿಪ್ರಾಯ.