ಗುಲಾಬಿ ಅಂದರೆ ತೆಳು ಗುಲಾಬಿ

ಮಳೆಗಾಲ ಶುರುವಾಯಿತೆಂದರೆ ನನ್ನ ಕ್ಲಿನಿಕ್ಕಿಗೆ ಕಂದು ಬಣ್ಣದ ಪಾದಗಳು ಬರತೊಡಗುತ್ತವೆ. ಕಾಯಿಲೆಯ ಬಣ್ಣ ಅಲ್ಲ ಅದು. ನಾನೇ ಬರೆದುಕೊಟ್ಟ ಪೊಟ್ಯಾಸಿಯಂ ಪರ್ಮಾಂಗನೇಟಿನದು.

ನೀರು ಒಸರುವ ಇಸುಬಿಗೆ ಇದು ಹಳೆಯ, ಅಗ್ಗದ, ಒಳ್ಳೆಯ ಮದ್ದು. ಹಿಂದೆ ಬಾವಿಗೆ ಹಾಕುತ್ತಿದ್ದರಲ್ಲ, ಅದೇ ಹರಳು. ಪ್ರಮಾಣ ಲೀಟರ್ ನೀರಿಗೆ 100 ಮಿಲಿಗ್ರಾಂ. ಅಷ್ಟು ಸಣ್ಣ ತೂಕ ಅಳೆಯುವ ತಕ್ಕಡಿ ಮನೆಯಲ್ಲಿ ಯಾರಿಗಿದೆ? ಅದಕ್ಕೇ ಬಣ್ಣ ನೋಡಿ ಅನ್ನುತ್ತೇನೆ. ತೆಳು ಗುಲಾಬಿ. ಪುನರ್ಪುಳಿ ಸಾರಿನ ಬಣ್ಣ ಬಂದರೆ ಜಾಸ್ತಿಯಾಯಿತು. ನೀರಿನೊಳಗಿನ ಕಾಲುಗುರು ಸ್ಪಷ್ಟವಾಗಿ ಕಾಣಬೇಕು.

ಗದ್ದೆ ಕೆಲಸದ ಒಬ್ಬರು ಅಮ್ಮ ಕಳೆದ ವರ್ಷ ಕುಂಟುತ್ತಾ ಬಂದರು. ಅಂಗಾಲಲ್ಲಿ ಕಾಳುಮೆಣಸಿನಷ್ಟು ದೊಡ್ಡ ಕಪ್ಪು ಚುಕ್ಕೆಗಳು, ಸುಟ್ಟ ಗಾಯ. "ಬೇಗ ವಾಸಿಯಾಗ್ಲಿ ಅಂತ ಒಂದು ಚಿಟಿಕೆ ಜಾಸ್ತಿ ಹಾಕಿದೆ ಡಾಕ್ಟ್ರೇ." ಹಾಕಿದ್ದು ಸೀದಾ ಟಬ್ಬಿಗೆ. ಕರಗದ ಹರಳು ತಳದಲ್ಲಿ ಕೂತಿತ್ತು, ಅದರ ಮೇಲೆ ಅವರ ಪಾದ.

ಹಾಗಾಗಿ ಮತ್ತೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ. ಹರಳು ಟಬ್ಬಿಗೆ ಹೋಗಬಾರದು. ಮೊದಲು ಒಂದು ಹಳೆಯ ಗಾಜಿನ ಲೋಟದ ನೀರಿನಲ್ಲಿ ನಾಲ್ಕೈದು ಹರಳು ಕರಗಿಸಿ. ಪೂರ್ತಿ ಕರಗಿತು ಅನ್ನಿಸಿದ ಮೇಲೂ ತೆಳು ಬಟ್ಟೆಯಲ್ಲಿ ಸೋಸಿ. ಆ ಕಡು ನೀರನ್ನು ಟಬ್ಬಿನ ನೀರಿಗೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಗುಲಾಬಿ ಬಂದ ತಕ್ಷಣ ನಿಲ್ಲಿಸಿ. ಲೋಟದಲ್ಲಿ ಉಳಿದದ್ದನ್ನು ಚೆಲ್ಲಿ. "ಅಯ್ಯೋ, ವೇಸ್ಟ್ ಆಗುತ್ತೆ" ಅಂತ ಅದನ್ನೂ ಸುರಿಯುವವರೇ ಜಾಸ್ತಿ!

ಹತ್ತು ಹದಿನೈದು ನಿಮಿಷ ಸಾಕು. ಉಗುರಿಗೆ ಮೊದಲೇ ವ್ಯಾಸಲಿನ್ ಹಚ್ಚಿದರೆ ಕಲೆ ಕಡಿಮೆ. ಒಸರುವುದು ನಿಂತು ಚರ್ಮ ಒಣಗಿದರೆ ನೆನೆಸುವುದನ್ನೂ ನಿಲ್ಲಿಸಿ. ಒಡೆದ ಒಣ ಹಿಮ್ಮಡಿಗೆ ಇದು ಬೇಡವೇ ಬೇಡ, ಇನ್ನಷ್ಟು ಒಣಗಿಸುತ್ತದೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದಿರುವವರು ತೋರಿಸದೆ ಏನೂ ಮಾಡಬೇಡಿ. ಸುಟ್ಟರೂ ನಿಮಗೆ ತಿಳಿಯುವುದಿಲ್ಲ. ಹರಳಿನ ಪೊಟ್ಟಣ ಮಕ್ಕಳಿಗೆ ಎಟುಕಬಾರದು. ಗ್ಲಿಸರಿನ್ ಬಾಟಲಿಯ ಪಕ್ಕದಲ್ಲೂ ಇಡಬೇಡಿ. ಎರಡೂ ಬೆರೆತರೆ ಬೆಂಕಿಯೇ ಹೊತ್ತಿಕೊಳ್ಳುತ್ತದೆ.

ಆ ಅಮ್ಮ ಗಾಯ ಮಾಯ್ದ ಮೇಲೆ ಮತ್ತೆ ಬಂದರು. ಒಂದು ಕೈಯಲ್ಲಿ ಹಲಸಿನ ಹಪ್ಪಳ, ಇನ್ನೊಂದರಲ್ಲಿ ಜ್ಯೂಸ್ ಬಾಟಲಿ. "ಬಣ್ಣ ಇಷ್ಟು ಸಾಕಾ, ನೀವೇ ನೋಡಿ." ಬಸ್ಸಿನಲ್ಲಿ ಬರುವಷ್ಟರಲ್ಲಿ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಈ ನೀರು ಇಟ್ಟರೆ ಕೆಡುತ್ತದೆ, ಆಗಾಗಲೇ ಮಾಡಿಕೊಳ್ಳಬೇಕು ಅನ್ನುವುದನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ.