ಚರ್ಚ್ ರಿಜಿಸ್ಟರ್ ಇಲ್ಲದ ಕಾಲದಲ್ಲಿ ಯಾರು ಯಾರ ಮಗ?

ಓದುಗರ ಪ್ರಶ್ನೆ: ಇಂಗ್ಲೆಂಡಿನ ಚರ್ಚುಗಳಲ್ಲಿ ನಾಮಕರಣ, ಮದುವೆ, ಮಣ್ಣು ಮಾಡಿದ್ದು ಇವನ್ನೆಲ್ಲ ಬರೆದಿಡಬೇಕು ಅಂತ ಆಜ್ಞೆಯಾದದ್ದೇ 1538ರಲ್ಲಿ. ಹಾಗಿದ್ದರೆ 1200, 1300ರ ಕಾಲದ ವಂಶಾವಳಿ ಹೇಳುತ್ತಾರಲ್ಲ, ಅದೆಲ್ಲ ಸುಮ್ನೆ ಕಟ್ಟಿದ್ದಾ?

ಕೆಲವು ಕಟ್ಟಿದ್ದೇ. ಹೊಸದಾಗಿ ದುಡ್ಡು ಕಂಡ ಮನೆತನಗಳಿಗೆ ಫ್ರಾನ್ಸಿನಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರಲ್ಲಿ ಹಳೇ ಪೂರ್ವಜರನ್ನು ಹುಡುಕಿಕೊಟ್ಟವರು ಅಲ್ಲೂ ಇದ್ದರು. ಆದರೆ ಎಲ್ಲವೂ ಹಾಗಲ್ಲ. ಮಗು ಹುಟ್ಟಿದ್ದನ್ನು ಬರೆಯುವವರಿಲ್ಲದಿದ್ದರೂ ಜಮೀನು ಕೈ ಬದಲಾದದ್ದನ್ನು ಬರೆಯುವವರಿದ್ದರು. ಕಾರಣ ಸರಳ, ಅದರಲ್ಲಿ ರಾಜನಿಗೆ ದುಡ್ಡು ಬರುತ್ತಿತ್ತು.

ರಾಜನಿಂದ ನೇರವಾಗಿ ಜಮೀನು ಪಡೆದವನು ಸತ್ತನೆಂದರೆ, ಎಸ್ಚೀಟರ್ ಎಂಬ ಅಧಿಕಾರಿಗೆ ಲಂಡನ್ನಿಂದ ಆದೇಶ ಹೋಗುತ್ತಿತ್ತು. ಅವನು ಆ ಭಾಗದ ಜನರನ್ನು ಸೇರಿಸಿ, ಪ್ರಮಾಣ ಮಾಡಿಸಿ ಕೇಳುತ್ತಿದ್ದ: ಸತ್ತವನ ಜಮೀನು ಎಲ್ಲೆಲ್ಲಿದೆ? ಯಾವ ಷರತ್ತಿನ ಮೇಲೆ ಇಟ್ಟುಕೊಂಡಿದ್ದ? ಯಾವ ದಿನ ಸತ್ತ? ವಾರಸುದಾರ ಯಾರು, ವಯಸ್ಸೆಷ್ಟು? ನಮ್ಮಲ್ಲಿ ಫೌತಿ ಖಾತೆಗೆ ವಾರಸುದಾರರೇ ಕಚೇರಿ ಸುತ್ತಬೇಕು. ಅಲ್ಲಿ ಕಚೇರಿಯೇ ಊರಿಗೆ ಬರುತ್ತಿತ್ತು. ಈ ದಾಖಲೆಯ ಹೆಸರು ಇನ್‌ಕ್ವಿಸಿಷನ್ ಪೋಸ್ಟ್ ಮಾರ್ಟಂ. ಹೆಣ ಕೊಯ್ಯುವುದಕ್ಕೂ ಇದಕ್ಕೂ ಸಂಬಂಧವಿಲ್ಲ, ಗಾಬರಿಯಾಗಬೇಡಿ. 1230ರ ದಶಕದಿಂದ 17ನೇ ಶತಮಾನದವರೆಗಿನ ಇಂಥ ಚರ್ಮದ ಹಾಳೆಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ.

ವಯಸ್ಸು ಯಾಕೆ ಬೇಕಿತ್ತು ಅಂದರೆ, ವಾರಸುದಾರ ಇನ್ನೂ ಚಿಕ್ಕವನಾದರೆ ಜಮೀನು ರಾಜನ ಕೈಗೆ ಹೋಗುತ್ತಿತ್ತು. ಆ ಹುಡುಗನ ಮದುವೆ ಮಾಡಿಸುವ ಹಕ್ಕೂ ರಾಜನದೇ. ಎರಡನ್ನೂ ಬೇರೆಯವರಿಗೆ ಮಾರಬಹುದಿತ್ತು. ದೊಡ್ಡವನಾಗಿದ್ದರೆ ಜಮೀನು ಬಿಡಿಸಿಕೊಳ್ಳಲು ಕಪ್ಪ ಕಟ್ಟಬೇಕು. 1215ರ ಮ್ಯಾಗ್ನಾ ಕಾರ್ಟಾ ಎಂಬ ಹಕ್ಕುಪತ್ರ ಅದಕ್ಕೊಂದು ಮಿತಿ ಹಾಕಿತು: ದೊಡ್ಡ ಜಮೀನ್ದಾರರಾದ ಅರ್ಲ್, ಬ್ಯಾರನ್‌ಗಳಿಗೆ 100 ಪೌಂಡ್, ಒಬ್ಬ ನೈಟ್‌ನ (ಕುದುರೆ ಸವಾರ ಯೋಧ) ಹಿಡುವಳಿಗೆ ಹೆಚ್ಚೆಂದರೆ 100 ಶಿಲ್ಲಿಂಗ್, ಅಂದರೆ 5 ಪೌಂಡ್.

ಒಂದು ನಿಜವಾದ ಪ್ರಕರಣ ನೋಡೋಣ. 1314ರ ಜೂನ್ 24ರಂದು ಸ್ಕಾಟ್ಲೆಂಡಿನ ಬ್ಯಾನಕ್‌ಬರ್ನ್ ಯುದ್ಧದಲ್ಲಿ ಗ್ಲಾಸ್ಟರಿನ ಅರ್ಲ್ ಗಿಲ್ಬರ್ಟ್ ಡಿ ಕ್ಲೇರ್ ಸತ್ತ. ಇನ್ನೂ 23ರ ಹುಡುಗ, ಮಕ್ಕಳಿಲ್ಲ. ಜಮೀನೋ ಕೌಂಟಿ ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಹರಡಿತ್ತು, ಹಾಗಾಗಿ ವಿಚಾರಣೆಯೂ ಒಂದೊಂದು ಕಡೆ ಬೇರೆ ಬೇರೆಯಾಗಿ ನಡೆಯಿತು. ಗಂಡು ವಾರಸುದಾರ ಇಲ್ಲದಿದ್ದರೆ ಹೆಣ್ಣುಮಕ್ಕಳಲ್ಲಿ ದೊಡ್ಡವಳು, ಚಿಕ್ಕವಳು ಎಂಬ ಭೇದವಿಲ್ಲ, ಸಮಪಾಲು. ಅದರಂತೆ ಎಲಿನಾರ್, ಮಾರ್ಗರೆಟ್, ಎಲಿಜಬೆತ್ ಎಂಬ ಮೂವರು ತಂಗಿಯರ ಹೆಸರು ಬರಬೇಕಿತ್ತು. ಆದರೆ ಕೆಲವು ಕಡೆಯವರು ಮೂರನೆಯವಳ ಹೆಸರನ್ನು ಇಸಾಬೆಲ್ ಅಂದರು! ಇಸಾಬೆಲ್ ಎಂಬಾಕೆ ನಿಜಕ್ಕೂ ಇದ್ದಳು, ಆದರೆ ತಂದೆಯ ಮೊದಲ ಹೆಂಡತಿಯ ಮಗಳು. ಇಂಗ್ಲಿಷ್ ಕಾನೂನಿನಲ್ಲಿ ಬೇರೆ ತಾಯಿಯ ಮಕ್ಕಳಿಗೆ ಅಣ್ಣತಮ್ಮಂದಿರ ಆಸ್ತಿಯಲ್ಲಿ ಹಕ್ಕಿರಲಿಲ್ಲ. ಈ ಒಂದು ಹೆಸರಿನ ಗೊಂದಲ ರಾಜನ ಮುಂದೆ ಹೋಯಿತು. ಅದರ ಜೊತೆಗೆ ಗಿಲ್ಬರ್ಟನ ಹೆಂಡತಿ ಬಸುರಿ ಎಂಬ ಮಾತು. ಒಂಬತ್ತು ತಿಂಗಳು ಕಳೆದರೂ ಅದೇ ಮಾತು! ಅಲ್ಲಿಯವರೆಗೆ ಜಮೀನು ರಾಜನ ಕೈಯಲ್ಲೇ ಇತ್ತು, ಅವನಿಗೇನು ಅವಸರ? ಕೊನೆಗೆ ಪಾಲಾದದ್ದು 1317ರಲ್ಲಿ. ಆ ಎಲಿಜಬೆತ್ ಮುಂದೆ ಕೇಂಬ್ರಿಡ್ಜ್‌ನ ಕಾಲೇಜೊಂದಕ್ಕೆ ಆಸ್ತಿ ಕೊಟ್ಟಳು, ಅದೇ ಇವತ್ತಿನ ಕ್ಲೇರ್ ಕಾಲೇಜು.

ಅಂದರೆ ಪ್ರಮಾಣ ಮಾಡಿ ಹೇಳಿದ್ದರಲ್ಲೂ ತಪ್ಪಿರುತ್ತದೆ. ಒಂದೇ ಕೌಂಟಿಯ ಹಾಳೆ ನೋಡಿ ವಂಶವೃಕ್ಷ ಬರೆದುಬಿಟ್ಟರೆ ಇಸಾಬೆಲ್ ಎಲಿಜಬೆತಳ ಜಾಗದಲ್ಲಿ ಕೂತಿರುತ್ತಾಳೆ. ವಯಸ್ಸಿನ ವಿಷಯದಲ್ಲಂತೂ ಹುಷಾರಾಗಿರಬೇಕು. ‘30 ವರ್ಷ ಮತ್ತು ಮೇಲ್ಪಟ್ಟು’ ಎಂದಿದ್ದರೆ 40 ಕೂಡ ಇರಬಹುದು. ದೊಡ್ಡವನೋ ಅಲ್ಲವೋ ಎಂಬುದಷ್ಟೇ ಸರ್ಕಾರಕ್ಕೆ ಬೇಕಿದ್ದದ್ದು. ಚಿಕ್ಕ ಮಕ್ಕಳ ವಯಸ್ಸನ್ನು ಇದಕ್ಕಿಂತ ಹೆಚ್ಚು ನಂಬಬಹುದು.

ಹುಡುಗನಿಗೆ 21 ತುಂಬಿದಾಗ ಇನ್ನೊಂದು ವಿಚಾರಣೆ, ವಯಸ್ಸಿನ ಸಾಕ್ಷಿ. ಓದಲು ಎಲ್ಲಕ್ಕಿಂತ ಮಜಾ ಇರುವುದು ಇಲ್ಲೇ. ಅವನು ಹುಟ್ಟಿದ ದಿನ ನಿಮಗೆ ಹೇಗೆ ನೆನಪಿದೆ ಅಂತ ಕೇಳಿದರೆ ಒಬ್ಬ, ಅವತ್ತೇ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡೆ ಅಂತಾನೆ. ಇನ್ನೊಬ್ಬ, ಅದೇ ವಾರ ನಮ್ಮಪ್ಪನನ್ನು ಮಣ್ಣು ಮಾಡಿದೆವು ಅಂತಾನೆ. ಮತ್ತೊಬ್ಬ, ಚರ್ಚಿನ ಪೂಜಾ ಪುಸ್ತಕದಲ್ಲಿ ಬರೆದದ್ದನ್ನು ನೋಡಿದ್ದೇನೆ ಅಂತಾನೆ. ಆದರೆ ಬೇರೆ ಬೇರೆ ಊರುಗಳಲ್ಲಿ ಅದೇ ಕಾಲು, ಅದೇ ಕುದುರೆ ಬರುತ್ತವೆ. ಗುಮಾಸ್ತರ ಕೈಯಲ್ಲಿ ಸಿದ್ಧ ಮಾದರಿ ಇತ್ತು ಅಂತ ಕಾಣುತ್ತೆ. ಮುರಿದ ಕಾಲನ್ನು ಪಕ್ಕಕ್ಕಿಡಿ. ನಾಮಕರಣದಲ್ಲಿ ಮಗುವಿನ ಗಾಡ್‌ಫಾದರ್, ಗಾಡ್‌ಮದರ್ (ಧರ್ಮದ ಅಪ್ಪ, ಅಮ್ಮ) ಆಗಿ ನಿಂತವರ ಹೆಸರು, ನಾಮಕರಣವಾದ ಚರ್ಚಿನ ಹೆಸರು ಹುಡುಕಿ.

ಸತ್ತಾಗ ಹೀಗಾದರೆ, ಬದುಕಿದ್ದಾಗ ಜಮೀನು ಕೊಟ್ಟದ್ದು, ಮಾರಿದ್ದು ‘ಫೈನ್’ (ದಂಡವಲ್ಲ) ಎಂಬ ರಾಜಿ ಪತ್ರಗಳಲ್ಲಿದೆ. ಒಂದೇ ಚರ್ಮದ ಮೇಲೆ ಮೂರು ಪ್ರತಿ ಬರೆದು, ಅಂಕುಡೊಂಕಾಗಿ ಕತ್ತರಿಸಿ, ಎರಡನ್ನು ಇಬ್ಬರಿಗೆ ಕೊಟ್ಟು, ಬುಡದ ತುಂಡನ್ನು ಖಜಾನೆಯಲ್ಲಿ ಇಡುತ್ತಿದ್ದರು. ಇದು ಶುರುವಾದದ್ದು 1195ರಲ್ಲಿ. ಗಂಡ ಹೆಂಡತಿ ಇಬ್ಬರ ಹೆಸರೂ ಇದ್ದರೆ ಆ ಜಮೀನು ಹೆಂಡತಿಯ ತವರಿನದಿರಬಹುದು. ಅವಳ ಕಡೆಯ ಎಳೆ ಸಿಗುವುದು ಹೆಚ್ಚಾಗಿ ಇಲ್ಲೇ.

ರಾಜನಿಂದ ಜಮೀನು ಪಡೆಯದ ರೈತರ ಕಥೆ? ಅವರಿಗೆ ಮ್ಯಾನರ್, ಅಂದರೆ ಜಮೀನ್ದಾರನ ಹಿಡುವಳಿ, ಅದರ ಕೋರ್ಟಿನ ದಾಖಲೆ ಸುರುಳಿಗಳಿವೆ. ಯಾರ್ಕ್‌ಶೈರಿನ ವೇಕ್‌ಫೀಲ್ಡ್‌ನಲ್ಲಿ ಅವು 1274ರಿಂದ ಉಳಿದಿವೆ. ರೈತ ಸತ್ತರೆ ಒಳ್ಳೆಯ ದನವೊಂದು ಜಮೀನ್ದಾರನಿಗೆ, ಜಮೀನಿಗೆ ಬರುವ ಮಗ ಪ್ರವೇಶದ ಹಣ ಕಟ್ಟಬೇಕು. ಆ ಲೆಕ್ಕದಲ್ಲೇ ಅಪ್ಪ, ಮಗ ಇಬ್ಬರೂ ಸಿಗುತ್ತಾರೆ. ಜಮೀನು ಸಿಗದ ಕಿರಿಯರು ಮಾತ್ರ ಎಲ್ಲ ಕಡೆಯೂ ಕಾಣೆ. ಸತ್ತಿರಬಹುದು, ಊರು ಬಿಟ್ಟಿರಬಹುದು. ವಂಶವೃಕ್ಷ ಕಟ್ಟುವವರು ಹೆಚ್ಚು ಎಡವುವುದು ಇಲ್ಲೇ, ಅದೇ ಹೆಸರಿನ ಇನ್ನೊಬ್ಬನನ್ನು ತಂದು ಅಂಟಿಸಿಬಿಡುತ್ತಾರೆ.

ಇನ್ನೊಂದು ಮಾತು. ವಾರಸುದಾರ ಅಂದರೆ ಹಿರಿಯ ಮಗನೇ ಅಂತ ಎಲ್ಲ ಕಡೆ ಅಂದುಕೊಳ್ಳಬೇಡಿ. ಕೆಂಟ್‌ನಲ್ಲಿ ಗಂಡುಮಕ್ಕಳೆಲ್ಲರಿಗೂ ಸಮಪಾಲು. ಕೆಲವು ಪಟ್ಟಣ, ಮ್ಯಾನರ್‌ಗಳಲ್ಲಿ ಎಲ್ಲವೂ ಕಿರಿಯ ಮಗನಿಗೆ. ಹಾಗಾಗಿ ಹೆಸರು ಹುಡುಕುವ ಮೊದಲು ಆ ಜಮೀನು ಯಾವ ಊರಿನದು, ಅಲ್ಲಿನ ಪದ್ಧತಿ ಏನು ಅಂತ ನೋಡಿಕೊಳ್ಳಿ.