ಮೂರು ಸೆಕೆಂಡಿನ ಚುಕ್ಕೆಯನ್ನು ಹಿಡಿಯುವುದು

ಕ್ಷೀಣವಾದ ರೇಡಿಯೊ ಸಂಕೇತ ಕಾಣಿಸದಿದ್ದರೆ ಗೇನ್ (ರಿಸೀವರಿನ ವರ್ಧನೆಯ ಮಟ್ಟ) ಏರಿಸಿದರಾಯಿತು ಎಂಬ ನಂಬಿಕೆ, ಬಳ್ಳಾರಿಯಲ್ಲಿ ಹವ್ಯಾಸಿ ರೇಡಿಯೊ ಕಲಿಯಲು ನನ್ನಲ್ಲಿಗೆ ಬರುವ ಯುವಕರಲ್ಲಿ ಆಳವಾಗಿ ಬೇರೂರಿದೆ. ಗೇನ್ ಏರಿಸಿದಾಗ ಸಂಕೇತದ ಜೊತೆ ಗದ್ದಲವೂ ಅಷ್ಟೇ ಪಟ್ಟು ಏರುತ್ತದೆ. ಅವೆರಡರ ಅನುಪಾತ ಮಾತ್ರ ಇದ್ದಲ್ಲಿಯೇ ಇರುತ್ತದೆ. ಅನೇಕ ವೇಳೆ 100 ಮಿಲಿವ್ಯಾಟ್ ಅಥವಾ ಅದಕ್ಕೂ ಕಡಿಮೆ ಶಕ್ತಿಯಲ್ಲಿ ಹೊರಡುವ ನಿಧಾನಗತಿಯ ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತಭಾಷೆ), ಅಂದರೆ ಕ್ಯುಆರ್‌ಎಸ್‌ಎಸ್, ಈ ಅನುಪಾತವನ್ನು ಕಾಲದ ಬೆಲೆ ತೆತ್ತು ಸುಧಾರಿಸಿಕೊಳ್ಳುವ ವಿದ್ಯೆ.

ನಿಮಿಷಕ್ಕೆ 12 ಪದಗಳ ವೇಗದ ಮೋರ್ಸ್‌ನಲ್ಲಿ ಒಂದು ಚುಕ್ಕೆ 0.1 ಸೆಕೆಂಡು ಇರುತ್ತದೆ. ನಿಧಾನದ ಮೋರ್ಸ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಒಂದು ವೇಗದಲ್ಲಿ ಅದೇ ಚುಕ್ಕೆ 3 ಸೆಕೆಂಡು, ಗೆರೆ 9 ಸೆಕೆಂಡು. ಭಾರತದ ಹವ್ಯಾಸಿ ಕೇಂದ್ರಗಳನ್ನು ಗುರುತಿಸುವ ಕರೆಸಂಕೇತಗಳಲ್ಲಿ ಸಾಮಾನ್ಯವಾಗಿ ಮೊದಲೆರಡು ಅಕ್ಷರಗಳಾದ ‘ವಿಯು’ ಮುಗಿಯಲು 57 ಸೆಕೆಂಡು ಹಿಡಿಯುತ್ತದೆ. ಕಿವಿಗೆ ನಿಲುಕದ ಈ ಗತಿಯನ್ನು ಆರ್ಗೋ, ಸ್ಪೆಕ್ಟ್ರಮ್ ಲ್ಯಾಬ್‌ನಂಥ ತಂತ್ರಾಂಶಗಳು ಪರದೆಯ ಮೇಲೆ ಗೆರೆಗಳಾಗಿ ಬರೆಯುತ್ತವೆ. ರಿಸೀವರನ್ನು 10.1387 ಮೆಗಾಹರ್ಟ್ಸ್‌ಗೆ, ಅಪ್ಪರ್ ಸೈಡ್‌ಬ್ಯಾಂಡ್ ಎಂಬ ಸ್ವೀಕಾರ ವಿಧಾನಕ್ಕೆ ಇಟ್ಟು, ಪರದೆಯಲ್ಲಿ ಅದರಿಂದ ಹೊರಬರುವ ಧ್ವನಿಯ 1200ರಿಂದ 1300 ಹರ್ಟ್ಸ್‌ನ ಪಟ್ಟಿಯನ್ನು ಮಾತ್ರ ಹಿಗ್ಗಿಸಿಕೊಂಡರೆ ಈ ಸಂಕೇತಗಳ ಓಣಿಯೇ ಎದುರಿಗೆ ಬರುತ್ತದೆ.

ಇನ್ನು ಎಫ್‌ಎಫ್‌ಟಿ ಗಾತ್ರ, ಅಂದರೆ ಧ್ವನಿಯನ್ನು ಅದರ ಆವರ್ತನಗಳಾಗಿ ಬಿಡಿಸುವ ಲೆಕ್ಕಕ್ಕೆ ಒಮ್ಮೆಗೆ ತೆಗೆದುಕೊಳ್ಳುವ ಸ್ಯಾಂಪಲ್‌ಗಳ (ಧ್ವನಿಯ ಬಿಡಿ ಅಳತೆಗಳ) ಸಂಖ್ಯೆ. ನಾಗರಪಂಚಮಿಯ ಜೋಕಾಲಿಯನ್ನು ನೆನೆಯಿರಿ. ಜೋಕಾಲಿಯ ಲಯಕ್ಕೆ ಸರಿಯಾಗಿ ಪುಟ್ಟ ಮಗುವೊಂದು ಬೆರಳಿನಿಂದ ತಳ್ಳುತ್ತಿದ್ದರೂ ಅದರ ಜೀಕು ಕ್ರಮೇಣ ಏರುತ್ತದೆ. ಹತ್ತು ಜನ ತಮಗೆ ತೋಚಿದಾಗ ತೋಚಿದ ಕಡೆಗೆ ತಳ್ಳಿದರೆ ಒಬ್ಬನ ನೂಕನ್ನು ಇನ್ನೊಬ್ಬನ ನೂಕು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಮಗುವಿನ ಬೆರಳೇ ಸಂಕೇತ, ಹತ್ತು ಜನರ ನೂಕಾಟವೇ ಗದ್ದಲ. ತಂತ್ರಾಂಶವು ಬೇರೆ ಬೇರೆ ಲಯದ ಸಾವಿರಾರು ಜೋಕಾಲಿಗಳನ್ನು ಸಾಲಾಗಿ ಕಟ್ಟಿ, ನಿಗದಿಯಾದ ಅವಧಿಯ ನಂತರ ಯಾವುದು ಎತ್ತರಕ್ಕೆ ಹೋಯಿತೆಂದು ನೋಡುತ್ತದೆ. ಅವಧಿ ಹೆಚ್ಚಿದಷ್ಟೂ ಪಕ್ಕಪಕ್ಕದ ಲಯಗಳನ್ನು ಬೇರ್ಪಡಿಸಬಹುದು: ಹೆಚ್ಚುಕಡಿಮೆ ಒಂದೇ ಗತಿಯಲ್ಲಿ ಬಾರಿಸುವ ಎರಡು ಡೊಳ್ಳುಗಳ ವ್ಯತ್ಯಾಸ ತಿಳಿಯಲು ನಾವು ಬಹಳ ಹೊತ್ತು ಕೇಳಬೇಕಾಗುವುದೂ ಇದೇ ಕಾರಣಕ್ಕೆ.

ಹಾಗೆಂದು ಅವಧಿಯನ್ನು ಮನಬಂದಂತೆ ಹೆಚ್ಚಿಸುವಂತಿಲ್ಲ. ಸೆಕೆಂಡಿಗೆ 12,000 ಸ್ಯಾಂಪಲ್‌ಗಳಿದ್ದು ಎಫ್‌ಎಫ್‌ಟಿ ಗಾತ್ರ 32,768 ಆಗಿದ್ದರೆ ಒಂದು ಅಳತೆಗೆ 2.73 ಸೆಕೆಂಡು ಬೇಕು, ಪ್ರತಿ ಪಟ್ಟಿಯ ಅಗಲ ಸುಮಾರು 0.37 ಹರ್ಟ್ಸ್. ಧ್ವನಿಗೆ ಬಳಸುವ 2,500 ಹರ್ಟ್ಸ್ ಅಗಲಕ್ಕೆ ಹೋಲಿಸಿದರೆ ಇದರೊಳಗೆ ಬೀಳುವ ಗದ್ದಲದ ಶಕ್ತಿ ಸುಮಾರು 6,800 ಪಟ್ಟು ಕಡಿಮೆ. ಮೂರು ಸೆಕೆಂಡಿನ ಚುಕ್ಕೆಗೆ ಇದು ಹೇಳಿ ಮಾಡಿಸಿದ ಅಳತೆ. ಗಾತ್ರವನ್ನು 1,31,072ಕ್ಕೆ ಏರಿಸಿದರೆ ಅಳತೆಯ ಅವಧಿ 10.9 ಸೆಕೆಂಡಾಗಿ, ಚುಕ್ಕೆಯೂ ಅದರ ಪಕ್ಕದ ಖಾಲಿ ಜಾಗವೂ ಒಂದರೊಳಗೊಂದು ಕಲಸಿಹೋಗಿ ಅಕ್ಷರವೇ ಅಳಿಯುತ್ತದೆ.

ಬಲವಂತದಿಂದ ಕ್ಷೀಣ ಸಂಕೇತವನ್ನು ಗೆಲ್ಲಬಹುದೆಂಬ ತಪ್ಪು ಹಳೆಯದು. 1858ರಲ್ಲಿ ಅಟ್ಲಾಂಟಿಕ್ ಸಾಗರದಡಿ ಹಾಸಿದ ತಂತಿಯಲ್ಲಿ ರಾಣಿ ವಿಕ್ಟೋರಿಯಾಳ 98 ಪದಗಳ ಸಂದೇಶ ದಾಟಲು ಸುಮಾರು 16 ತಾಸು ಬೇಕಾಯಿತು. ಸಂಕೇತವನ್ನು ಬಲಪಡಿಸಲು ತಂತಿ ಕಂಪನಿಯ ವಿದ್ಯುತ್ ತಜ್ಞ ವೈಲ್ಡ್‌ಮನ್ ವೈಟ್‌ಹೌಸ್ ಸುಮಾರು 2,000 ವೋಲ್ಟ್ ಹರಿಸಿದರು, ಕೆಲವೇ ವಾರಗಳಲ್ಲಿ ತಂತಿ ಸತ್ತಿತು. ಅದೇ ಸಾಹಸದಲ್ಲಿದ್ದ ಭೌತವಿಜ್ಞಾನಿ ವಿಲಿಯಂ ಥಾಮ್ಸನ್ ಪುಟ್ಟ ಕನ್ನಡಿಯೊಂದನ್ನು ತೂಗುಬಿಟ್ಟು, ಅದರಿಂದ ಪ್ರತಿಫಲಿಸಿದ ಬೆಳಕಿನ ಚುಕ್ಕೆಯ ಅಲುಗಾಟದಿಂದಲೇ ಅತಿ ಸಣ್ಣ ವಿದ್ಯುತ್ ಪ್ರವಾಹವನ್ನು ಓದಿದ್ದರು. ನನ್ನ ಮಟ್ಟಿಗೆ ನಿಧಾನ ಮೋರ್ಸ್‌ನ ಪರದೆ ಆ ಕನ್ನಡಿಯ ವಂಶದ್ದು.

ನಮ್ಮ ಊರಿನ ಬಿಸಿಲಿಗೆ ಇನ್ನೊಂದು ಎಚ್ಚರ ಬೇಕು. 10 ಮೆಗಾಹರ್ಟ್ಸ್‌ನಲ್ಲಿ ರಿಸೀವರಿನ ಆವರ್ತನವನ್ನು ನಿರ್ಧರಿಸುವ ಆಂದೋಲಕವು ಹತ್ತು ಲಕ್ಷದಲ್ಲಿ ಒಂದು ಭಾಗ ಜರುಗಿದರೂ ಪರದೆಯ ಗೆರೆ 10 ಹರ್ಟ್ಸ್ ಸರಿಯುತ್ತದೆ. ಮಧ್ಯಾಹ್ನ ಫ್ಯಾನ್ ಹಾಕಿದೊಡನೆ ಗೆರೆಗಳೆಲ್ಲ ಒಟ್ಟಾಗಿ ಬಾಗಿದರೆ ಅದು ನಮ್ಮದೇ ರಿಸೀವರಿನ ಜರುಗಾಟವೆಂದು ತಿಳಿಯಬೇಕು, ಕಳಿಸುವವರನ್ನು ದೂರಬಾರದು. ಎಲ್‌ಇಡಿ ದೀಪಗಳೂ ಜೀನ್ಸ್ ಹೊಲಿಯುವ ಯಂತ್ರಗಳ ಮೋಟಾರುಗಳೂ ಎಬ್ಬಿಸುವ ಗದ್ದಲ ರಾತ್ರಿ ಹನ್ನೊಂದರ ನಂತರ ತಗ್ಗುತ್ತದೆ. ಆಗ ರಿಸೀವರಿನ ಸ್ವಯಂಚಾಲಿತ ಗೇನ್ ನಿಯಂತ್ರಣವನ್ನು ನಿಲ್ಲಿಸಿ, ಬರಿಯ ಗದ್ದಲ ಕಡುನೀಲಿ ಹಿನ್ನೆಲೆಯಲ್ಲಿ ಮಸುಕಾದ ಧೂಳಿನಂತೆ ಕಾಣುವವರೆಗೆ ಹೊಳಪನ್ನು ತಗ್ಗಿಸಿ, ಹತ್ತು ನಿಮಿಷಕ್ಕೊಂದು ಚಿತ್ರ ಉಳಿಸುವಂತೆ ಹೊಂದಿಸಿ ಮಲಗಬಹುದು. ಚಿತ್ರಗಳನ್ನು ಬೆಳಿಗ್ಗೆ ಚಹಾದ ಹೊತ್ತಿಗೆ ಒಂದೊಂದಾಗಿ ತೆರೆದು ಓದಿದರಾಯಿತು.